ಹಾಜರಿ ತಪ್ಪಿದ ದಿವಂಗತ

ನಾನು ದಿವಂಗತನಾಗಿ ಇವತ್ತಿಗೆ ಐವತ್ತೆಂಟು ದಿನ. ಆರೋಗ್ಯವಾಗಿದ್ದೇನೆ. ಹಸಿವು ಚೆನ್ನಾಗಿದೆ, ನಿದ್ದೆ ಮೊದಲಿಗಿಂತ ವಾಸಿ. ಎಡಮಂಡಿಯ ನೋವು ಮಾತ್ರ, ನಾನು ತೀರಿಹೋದ ಸುದ್ದಿ ತನಗಿನ್ನೂ ತಲುಪಿಲ್ಲವೇನೋ ಎಂಬಂತೆ, ಹಳೆಯ ಲಯದಲ್ಲೇ ನಡೆದಿದೆ. ಸತ್ತವರು ಹೀಗೆ ಕುಳಿತು ತಮ್ಮ ಕಥೆ ತಾವೇ ಬರೆಯುವ ಪದ್ಧತಿ ಇಲ್ಲವೆಂದು ನನಗೂ ಗೊತ್ತು. ಆದರೆ ಇದನ್ನು ಬರೆಯಬಲ್ಲ ಇನ್ನೊಬ್ಬರು ಎಂದರೆ ನನ್ನ ಹೆಂಡತಿ. ಅವಳಿಗೆ ಈಗ ಬಿಡುವಿಲ್ಲ. ಯಾಕೆ ಬಿಡುವಿಲ್ಲ ಎಂಬುದೇ ನನ್ನ ದುಃಖ.

ಮೊದಲಿನಿಂದ ಹೇಳುತ್ತೇನೆ. ನಾನು ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೇಲೆ ಹತ್ತೊಂಬತ್ತು ಗಡಿಯಾರಗಳಿವೆ. ಹತ್ತೊಂಬತ್ತೂ ಬೇರೆ ಬೇರೆ ವೇಳೆ ತೋರಿಸುತ್ತವೆ. (ಸರಿಯಾದ ವೇಳೆ ತೋರಿಸುವ ಗಡಿಯಾರ ರಿಪೇರಿಯವನ ಮನೆಯಲ್ಲಿ ಯಾಕಿರುತ್ತದೆ? ಅದು ಅದರ ಯಜಮಾನನ ಮನೆಗೆ ಹೋಗಿರುತ್ತದೆ.) ಮೂಲೆಯಲ್ಲಿ ಒಂದು ಕುರ್ಚಿ, ಕುರ್ಚಿಯ ಪಕ್ಕದಲ್ಲಿ ರೆಕಾರ್ಡ್ ಪ್ಲೇಯರು, ಅದರ ಪಕ್ಕದಲ್ಲಿ ಕಂಪ್ಯೂಟರು. ನನ್ನ ಹೊಟ್ಟೆಪಾಡು ಗಡಿಯಾರದ್ದಾದರೂ ನನ್ನ ಜೀವ ಇದ್ದದ್ದು ಆ ಮೂಲೆಯಲ್ಲಿ. ಆಲ್ಟರ್ನೇಟಿವ್ ಕಂಟ್ರಿ ಎಂಬ ಸಂಗೀತದಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಟ್ರಿ ಸಂಗೀತ ಎಂದರೆ ಒಂದು ಗಿಟಾರು, ಒಂದು ಪಿಟೀಲು, ಒಂದು ಹಳೆಯ ಲಾರಿ, ಬಿಟ್ಟುಹೋದ ಒಬ್ಬ ಹುಡುಗಿ. ಆಲ್ಟರ್ನೇಟಿವ್ ಕಂಟ್ರಿ ಎಂದರೂ ಅವೇ ನಾಲ್ಕು. ಆದರೆ ಗಿಟಾರಿಗೆ ಶ್ರುತಿ ಅಷ್ಟಕ್ಕಷ್ಟೆ, ಪಿಟೀಲಿನವನಿಗೆ ಜ್ವರ, ಹುಡುಗಿ ಬಿಟ್ಟುಹೋದದ್ದು ನ್ಯಾಯವೇ ಎಂದು ಹಾಡುವವನಿಗೂ ಗೊತ್ತು. ಇನ್ನು ಲಾರಿಯ ವಿಷಯ. ಹಾಡಿನ ಕೊನೆಗೆ ಕಳೆದುಹೋದ ಲಾರಿ ಸಿಕ್ಕರೆ ಅದು ಬರೀ ಕಂಟ್ರಿ. ಸಿಗದಿದ್ದರೆ ಆಲ್ಟರ್ನೇಟಿವ್. ಸಿಕ್ಕಿಯೂ ಸ್ಟಾರ್ಟ್ ಆಗದಿದ್ದರೆ ಏನೆನ್ನಬೇಕು ಎಂಬ ಬಗ್ಗೆ ನಮ್ಮ ಕೂಟದಲ್ಲಿ ಎರಡು ವರ್ಷ ಚರ್ಚೆ ನಡೆದು, ಮೂವರು ಬಿಟ್ಟುಹೋದರು. ಅವರಲ್ಲೊಬ್ಬರು ಈಗಲೂ ನಿದ್ದೆಯಲ್ಲಿ "ಸ್ಟಾರ್ಟ್ ಆಗಲ್ಲ, ಆಗಲ್ಲ" ಎನ್ನುತ್ತಾರಂತೆ.

ಕೂಟ ಅಂದೆನಲ್ಲ, ಅದು ಕಂಪ್ಯೂಟರಿನೊಳಗಿನ ಕೂಟ. ಭೂಮಂಡಲದ ನಾನಾ ಮೂಲೆಗಳ ನಲವತ್ತಮೂರು ಜನ. ಯಾರೂ ಯಾರ ಮುಖವನ್ನೂ ಕಂಡವರಲ್ಲ. ಸಂಗೀತಕ್ಕೆ ಬೇಕಾದ್ದು ಕಿವಿ, ಮುಖವಲ್ಲ. ಆದ್ದರಿಂದ ಫೋಟೋ ಹಾಕಕೂಡದು, ಭೇಟಿ ಮಾಡಕೂಡದು ಎಂದು ನಮ್ಮ ನಿಯಮಾವಳಿಯ ಆರನೇ ಕಲಮು. ಒಟ್ಟು ಇಪ್ಪತ್ತೇಳು ಕಲಮು. ಇಪ್ಪತ್ತೇಳನ್ನೂ ಬರೆದವನು ನಾನೇ. ಕೂಟದಲ್ಲಿ ನನ್ನ ಹೆಸರು "ಮುರಿದ ತಂತಿ." ನನ್ನ ಬದ್ಧವೈರಿಯ ಹೆಸರು "ಒಂಟಿ ಲಾಂದ್ರ." ಕಸುಬಿನಿಂದ ಹಲ್ಲಿನ ಡಾಕ್ಟರು, ಕೂಟದಲ್ಲಿ ಹಾಜರಿ ಪುಸ್ತಕದ ಅಧಿಕಾರಿ, ಸ್ವಭಾವದಿಂದ, ನಾನು ಹಗಲು ಎಂದರೆ ರಾತ್ರಿ ಎನ್ನುವವರು.

ನಮ್ಮಿಬ್ಬರ ಜಗಳಕ್ಕೆ ಕಾರಣ "ತುಕ್ಕು ಗೇಟು." ಅದು ಒಂದು ತಂಡ. ಮೂರು ಜನ, ಒಂದೇ ರೆಕಾರ್ಡು, ಹನ್ನೊಂದು ಹಾಡು, ಆಮೇಲೆ ಸದ್ದಿಲ್ಲ. ನಾನು ಮದುವೆಯಾದ ಹೊಸದರಲ್ಲಿ ಅವರ ಹಾಡನ್ನು ಎದುರಿಗೆ ಕುಳಿತು ಕೇಳಿದ್ದೆ. ದೊಡ್ಡ ಹಾಲು, ಕೇಳುವವರು ಏಳು ಮಂದಿ. ಕಾರ್ಯಕ್ರಮ ಮುಗಿದ ಮೇಲೆ ಹಾಡಿದವನ ಕೈ ಹಿಡಿದು, "ನಿಮ್ಮನ್ನ ಜನ ಮರೆಯೋದಿಲ್ಲ" ಎಂದಿದ್ದೆ. ಅವನು ಹಾಲಿನ ಖಾಲಿ ಕುರ್ಚಿಗಳನ್ನು ನೋಡಿ, "ಆಗಲಿ, ನೀವು ನೋಡ್ಕೊಳ್ಳಿ" ಎಂದ. ನೋಡ್ಕೊಳ್ಳಿ ಅಂದುಬಿಟ್ಟ! ಅಂದಿನಿಂದ ಆ ಕೆಲಸ ನನ್ನ ಹೆಗಲ ಮೇಲಿದೆ.

ನಮ್ಮ ಕೂಟದಲ್ಲಿ ಒಂದು ಕಾಯಂ ಪಟ್ಟಿ ಇದೆ. ಅದರಲ್ಲಿ ಸೇರಿದ ರೆಕಾರ್ಡಿಗೆ ಸಾವಿಲ್ಲ. ಹೊಸದಾಗಿ ಬಂದವರೆಲ್ಲ ಮೊದಲು ಅದನ್ನು ಕೇಳಲೇಬೇಕು. ತುಕ್ಕು ಗೇಟನ್ನು ಅದರಲ್ಲಿ ಸೇರಿಸಬೇಕೆಂದು ನಾನು ಹನ್ನೊಂದು ವರ್ಷದಲ್ಲಿ ಹನ್ನೊಂದು ಸಲ ಅರ್ಜಿ ಹಾಕಿದೆ, ನಾನೂರಕ್ಕೂ ಮಿಕ್ಕಿ ಪ್ರಬಂಧ ಬರೆದೆ. ಹನ್ನೊಂದು ಸಲವೂ ಒಂಟಿ ಲಾಂದ್ರ ಒಂದೇ ಮಾತು ಎತ್ತಿ ಅದನ್ನು ಕೆಡವಿದರು: "ಮೂರನೇ ಹಾಡಿನ ಡ್ರಮ್ಮು ತೀರ ಸ್ವಚ್ಛವಾಗಿದೆ. ತೊಳೆದು ಒರೆಸಿಟ್ಟ ಡ್ರಮ್ಮು. ಇದು ಬರೀ ಕಂಟ್ರಿ."

ಹನ್ನೊಂದನೇ ಸಲ ಸೋತ ದಿನ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಮೌನ! ನಾನು ಒಂದಕ್ಷರ ಬರೆಯದೆ ಕುಳಿತರೆ ಆ ಕೂಟದಲ್ಲಿ ಉಳಿಯುವುದೇನು? ಎಣ್ಣೆಯಿಲ್ಲದ ಲಾಂದ್ರ. ಒಂದು ವಾರದಲ್ಲಿ ನಲವತ್ತೆರಡು ಜನವೂ ಬಂದು ಅಂಗಲಾಚುತ್ತಾರೆ ಎಂದು ಲೆಕ್ಕ ಹಾಕಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟೆ.

"ಇದನ್ನ ನೀನೇ ಇಟ್ಕೋ. ನಾನು ಕಾಲಿಗೆ ಬಿದ್ರೂ ಕೊಡಬೇಡ."

"ಕಾಲಿಗೆ ಬಿದ್ರೆ ಏಳೋದು ಹೇಗೆ, ಆ ಮಂಡಿ ಇಟ್ಕೊಂಡು?" ಎಂದಳು ಅವಳು. ಚೀಟಿಯನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಎಲ್ಲಿಟ್ಟಳೋ ಇಂದಿಗೂ ನನಗೆ ತಿಳಿಯದು.

ಐದನೇ ದಿನ ನಾನು ಮೆಲ್ಲಗೆ ಅಡುಗೆಮನೆಗೆ ಹೋಗಿ, "ಲೇ, ನನ್ನ ಅಂಗಿಗೊಂದು ಗುಂಡಿ ಬೇಕಿತ್ತು" ಎಂದೆ.

"ಅಂಗಿ ಬಿಚ್ಚಿಕೊಡಿ, ಹಾಕ್ಕೊಡ್ತೀನಿ."

"ನಾನೇ ಹಾಕ್ಕೋತೀನಿ, ಡಬ್ಬಿ ಕೊಡು."

"ಮೂವತ್ತೈದು ವರ್ಷದಲ್ಲಿ ಒಂದು ಗುಂಡಿ ಹಾಕಿದೋರಲ್ಲ. ಹೋಗ್ರೀ, ಗಡಿಯಾರ ನೋಡ್ಹೋಗಿ."

ಹದಿಮೂರನೇ ದಿನ ಬೆಳಗ್ಗೆ ಅವಳಿಗೇ ಕರುಣೆ ಬಂತು. ನಾನು ಒಂದೇ ಗಡಿಯಾರವನ್ನು ಮೂರನೇ ಸಲ ಬಿಚ್ಚಿ ಜೋಡಿಸುತ್ತಿರುವುದನ್ನು ನೋಡಿ, ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ಚೀಟಿ ನೋಡಿ ಒಂದೊಂದೇ ಅಕ್ಷರ ಒತ್ತಿದಳು. ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

"ರೀ."

"ಏನಂತೆ? ಬೇಡ್ಕೊಳ್ತಿದಾರಾ?"

"ನೀವು ಹೋಗ್ಬಿಟ್ರಂತೆ."

"ಎಲ್ಲಿಗೆ?"

ಅವಳು ಬೆರಳನ್ನು ಮೇಲಕ್ಕೆ ತೋರಿಸಿದಳು. ಮೇಲಿನ ಮನೆಯಲ್ಲಿ ಟೈಲರು ಇದ್ದಾನೆ. ಆದರೆ ಅವಳು ತೋರಿಸಿದ್ದು ಅವನಿಗಿಂತ ಮೇಲೆ.

ತಪ್ಪು ನನ್ನದೇ. ನಾಲ್ಕನೇ ಕಲಮು. ಅದನ್ನು ಬರೆಯುವುದಕ್ಕೆ ಒಂದು ಕಾರಣವಿತ್ತು. ನಮ್ಮಲ್ಲಿ ಒಬ್ಬರು ಬಸ್ ಡ್ರೈವರು ಇದ್ದರು, ಒಂಟಿ ಮನುಷ್ಯ. ಅವರ ಹುಟ್ಟುಹಬ್ಬಕ್ಕೆ ನಾವೆಲ್ಲ ಶುಭಾಶಯ ಬರೆದೆವು. ಅವರು ಉತ್ತರ ಕೊಡಲಿಲ್ಲವೆಂದು ಒಂದಿಬ್ಬರು ಬೇಸರ ಕೂಡ ಮಾಡಿಕೊಂಡರು. ಆಮೇಲೆ ತಿಳಿಯಿತು, ಅವರು ಹೋಗಿ ಆಗಲೇ ಎಂಟು ತಿಂಗಳಾಗಿತ್ತು. ಅಂದು ನಾನೂ ಲಾಂದ್ರವೂ ಬದುಕಿನಲ್ಲಿ ಒಂದೇ ಒಂದು ಸಲ ಒಂದೇ ಮಾತು ಆಡಿದೆವು: ಇದು ಇನ್ನೊಮ್ಮೆ ಆಗಕೂಡದು. ಹಾಗಾಗಿ ಅರವತ್ತು ದಾಟಿದವರೆಲ್ಲ ಪ್ರತಿದಿನ ಬೆಳಗ್ಗೆ ಏಳು ಗಂಟೆಗೆ ತಾವು ಕೇಳುತ್ತಿರುವ ಹಾಡಿನ ಹೆಸರು ಬರೆದು ಹಾಜರಿ ಹಾಕಬೇಕು. ಹತ್ತು ದಿನ ಹಾಜರಿ ತಪ್ಪಿದರೆ ಅಧಿಕಾರಿಯು ಮೂರು ಸಲ ಫೋನು ಮಾಡಬೇಕು. ಮೂರು ಸಲವೂ ಯಾರೂ ಎತ್ತದಿದ್ದರೆ, ಸದಸ್ಯರನ್ನು ದಿವಂಗತರೆಂದು ಘೋಷಿಸಿ ಗೌರವ ಸಲ್ಲಿಸಬೇಕು.

ನಾನು ಕೊಟ್ಟದ್ದು ಮನೆಯ ಹಳೇ ಫೋನಿನ ನಂಬರು. ರೆಕಾರ್ಡು ಕೇಳುವಾಗ ಅದು ಬಡಿದುಕೊಳ್ಳುತ್ತದೆಂದು ಅದರ ವೈರನ್ನು ನಾನೇ ಕಿತ್ತು, ಆ ವೈರಿನಿಂದ ಕಿಟಕಿಯ ಪರದೆ ಕಟ್ಟಿ ನಾಲ್ಕು ವರ್ಷವಾಗಿತ್ತು. ಪರದೆ ಚೆನ್ನಾಗಿ ನಿಂತಿದೆ.

ಓದಿದೆ. ಏನು ಹೇಳಲಿ! ನಲವತ್ತೆರಡು ಜನ ಬರೆದಿದ್ದರು. ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ನನ್ನ ಪ್ರಬಂಧಗಳನ್ನು ಪ್ರಿಂಟು ತೆಗೆದು ಬೈಂಡು ಹಾಕಿಸಿಟ್ಟಿದ್ದಾರಂತೆ. ಬಣ್ಣ ಹೊಡೆಯುವವನೊಬ್ಬ ಏಣಿಯ ಮೇಲೆ ನಿಂತೇ ಅತ್ತನಂತೆ, ಕೆಳಗಿದ್ದವರ ತಲೆಯ ಮೇಲೆ ಹಳದಿ ಬಣ್ಣ ಸುರಿಯಿತಂತೆ. ಬದುಕಿದ್ದಾಗ ನನ್ನನ್ನು "ಉದ್ದ ಬರೆಯುವ ಮುದುಕ" ಎಂದವನು ಈಗ "ಸಮಗ್ರ ದೃಷ್ಟಿಯ ಚಿಂತಕ" ಎಂದಿದ್ದ. ನಾನು ಒಂದೊಂದನ್ನೂ ಎರಡೆರಡು ಸಲ ಓದಿದೆ. ಒಬ್ಬ ಮಾತ್ರ ಎರಡೇ ಸಾಲು ಬರೆದಿದ್ದ; ಅವನನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಕೊನೆಯದು ಲಾಂದ್ರದ್ದು. "ಹನ್ನೊಂದು ವರ್ಷ ನಾನು ಬೆಳಗ್ಗೆ ಎದ್ದದ್ದು ಈತ ಹೇಳಿದ್ದು ತಪ್ಪು ಎಂದು ಬರೆಯುವುದಕ್ಕೆ. ನಾಳೆ ಯಾತಕ್ಕೆ ಏಳಬೇಕೋ ತಿಳಿಯದು."

ಅದನ್ನು ಎರಡನೇ ಸಲ ಓದಲಾಗಲಿಲ್ಲ.

"ಪಾಪ, ಎಷ್ಟು ನೊಂದ್ಕೊಂಡಿದಾರೆ. ನೀವು ಬದುಕಿದೀರಿ ಅಂತ ಈಗ್ಲೇ ಬರೀತೀನಿ" ಎಂದು ಹೆಂಡತಿ ಕೀಲಿಮಣೆಗೆ ಕೈ ಹಾಕಿದಳು. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಒಂಬತ್ತನೇ ಕಲಮು ಗಂಟೆಯಂತೆ ಬಾರಿಸಿತು. ನಾನು ಅವಳ ಕೈ ಹಿಡಿದುಕೊಂಡೆ.

"ಇರೇ, ಇರು! ಸತ್ತ ಸದಸ್ಯನ ಕೊನೇ ಅರ್ಜಿಯನ್ನ ಮೂರು ದಿನದೊಳಗೆ ಮತ್ತೆ ಮತಕ್ಕೆ ಹಾಕಬೇಕು ಅಂತ ನಿಯಮ ಇದೆ ಕಣೇ! ತುಕ್ಕು ಗೇಟು ಪಾಸಾಗುತ್ತೆ!"

"ಅದಕ್ಕೆ?"

"ಮೂರು ದಿನ ಸತ್ತಿರ್ತೀನಿ. ಮೂರು ದಿನ ಅಂದ್ರೆ ಏನು ಮಹಾ?"

ಅವಳು ಕೈ ಬಿಡಿಸಿಕೊಂಡಳು. "ನಾನು ಸುಳ್ಳು ಹೇಳಲ್ಲ" ಎಂದಳು.

"ನೀನೇನೂ ಹೇಳಬೇಡ. ಸುಮ್ನೆ ಇರು."

"ಸುಮ್ನಿರೋಕೂ ಆಗಲ್ಲ. ಅಷ್ಟು ಜನ ನನಗೆ ಸಮಾಧಾನ ಹೇಳಿದಾರೆ. ನಾಲ್ಕು ಮಾತು ಬರೀತೀನಿ. ಆದ್ರೆ ನಿಜವಾದ್ದನ್ನೇ ಬರೀತೀನಿ."

ಬರೆದಳು. ಬೆರಳೊಂದರಲ್ಲಿ, ಮುಕ್ಕಾಲು ಗಂಟೆ. ನನಗೆ ತೋರಿಸಲಿಲ್ಲ, ಕಳಿಸಿದ ಮೇಲೆ ಓದಿದೆ. ಇಷ್ಟೇ ಇತ್ತು:

"ನಾನು ಅವರ ಹೆಂಡತಿ. ತುಕ್ಕು ಗೇಟಿನವರು ಹಾಡಿದ ದಿನ ನಾನೂ ಆ ಹಾಲಿನಲ್ಲಿದ್ದೆ. ಏಳು ಜನ ಇದ್ದೆವು. ಏಳನೆಯವನು ಪೊರಕೆ ಹಿಡಿದುಕೊಂಡು ನಿಂತಿದ್ದ. ಕೊನೆಯ ಹಾಡಿನಲ್ಲಿ ಗಿಟಾರಿನ ತಂತಿ ಹರಿಯಿತು. ಹಾಡುವವನು ನಿಲ್ಲಿಸಲಿಲ್ಲ, ತಂತಿ ಇದ್ದ ಜಾಗದಲ್ಲಿ ತಾನೇ ಹಾಡಿದ. ನನ್ನ ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಂಡು ಧೂಳು ಅಂದರು. ಧೂಳು ಇರಲಿಲ್ಲ. ಪೊರಕೆಯವನು ಆಗಲೇ ಗುಡಿಸಿಯಾಗಿತ್ತು."

ಇನ್ನೊಮ್ಮೆ ಓದಿದೆ. ಆಮೇಲೆ ಕೇಳಿದೆ: "ನೀನು ಅವತ್ತು ನಿದ್ದೆ ಮಾಡ್ತಿದ್ದೆಯಲ್ಲೇ?"

"ಕಣ್ಣು ಮುಚ್ಕೊಂಡಿದ್ದೆ. ಹಾಡು ಕಣ್ಣಲ್ಲಿ ಕೇಳ್ತಾರೇನ್ರೀ?"

ಮೂವತ್ತೈದು ವರ್ಷ ನಾನು ಅವಳನ್ನು ಸಂಗೀತ ತಿಳಿಯದ ಹೆಂಗಸು ಎಂದುಕೊಂಡಿದ್ದೆ. ಮೂವತ್ತೈದು ವರ್ಷ!

ಮತದಾನವಾಯಿತು. ನಲವತ್ತೆರಡಕ್ಕೆ ನಲವತ್ತೆರಡು. ಎಲ್ಲರೂ ಅವಳ ಮಾತನ್ನೇ ಎತ್ತಿ ಬರೆದಿದ್ದರು. ನನ್ನ ನಾನೂರು ಪ್ರಬಂಧಗಳ ಒಂದು ಸಾಲನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ತುಕ್ಕು ಗೇಟು ಕಾಯಂ ಪಟ್ಟಿ ಸೇರಿತು. ಮರುದಿನ ಬೆಳಗ್ಗೆ ಏಳಕ್ಕೆ ಭೂಮಂಡಲದಾದ್ಯಂತ ಎರಡು ನಿಮಿಷ ಮೌನ. ನನ್ನ ಹೆಂಡತಿ ಒಲೆ ಆರಿಸಿ ಬಂದು ಎದ್ದು ನಿಂತಳು. ನಾನು ಕುಳಿತು ಬ್ರೆಡ್ಡು ತಿನ್ನುತ್ತಿದ್ದೆ.

"ಏಳ್ರೀ. ದೊಡ್ಡವರು ಒಬ್ಬರು ಹೋಗಿದಾರೆ."

ಎದ್ದು ನಿಂತೆ. ನನ್ನ ಸಾವಿಗೆ ನಾನೇ ಮೌನ ಆಚರಿಸಿದೆ, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು. ಅಗಿಯುವುದು ಮರ್ಯಾದೆಯಲ್ಲವೆಂದು ಎರಡು ನಿಮಿಷ ಅಗಿಯಲಿಲ್ಲ. ಹತ್ತೊಂಬತ್ತು ಗಡಿಯಾರಗಳು ಮಾತ್ರ ನಿಯಮ ಮುರಿದು ಟಿಕ್ ಟಿಕ್ ಎನ್ನುತ್ತಿದ್ದವು.

ಇನ್ನು ಬದುಕಿ ಬರುವುದೊಂದೇ ಬಾಕಿ ಎಂದುಕೊಂಡು ನಿಯಮಾವಳಿ ತೆಗೆದು ನೋಡಿದೆ. ಒಂಬತ್ತನೇ ಕಲಮಿನ ಬಾಲದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಉಪಕಲಮು: "ಹೀಗೆ ಸತ್ತವನು ಮುಂದೆ ಬದುಕಿರುವುದು ಕಂಡುಬಂದಲ್ಲಿ, ಅವನ ಅರ್ಜಿಯಿಂದ ಪಟ್ಟಿ ಸೇರಿದ ರೆಕಾರ್ಡನ್ನು ಕಿತ್ತು ಹಾಕತಕ್ಕದ್ದು. ಅದನ್ನು ಮತ್ತೆಂದೂ ಚರ್ಚೆಗೆ ತರತಕ್ಕದ್ದಲ್ಲ." ಇದನ್ನೂ ನಾನೇ ಬರೆದದ್ದು. ಲಾಂದ್ರ ಎಲ್ಲಿ ಸತ್ತಂತೆ ನಟಿಸಿ ತನ್ನ ರೆಕಾರ್ಡು ತೂರಿಸಿಬಿಡುತ್ತಾರೋ ಎಂಬ ಮುಂದಾಲೋಚನೆಯಿಂದ.

ಅಂದರೆ ತುಕ್ಕು ಗೇಟು ಬದುಕಬೇಕಾದರೆ ನಾನು ಶಾಶ್ವತವಾಗಿ ಸತ್ತಿರಬೇಕು.

"ಇರಲಿ ಬಿಡಿ" ಎಂದಳು ಹೆಂಡತಿ. "ನೋಡ್ಕೊಳ್ಳಿ ಅಂತ ಆ ಮನುಷ್ಯ ಹೇಳಿದ್ದ. ನೋಡ್ಕೊಂಡ್ರಿ. ಸತ್ತು ನೋಡ್ಕೊಂಡ್ರಿ. ಇನ್ನೇನು ಬೇಕು?"

ಅಷ್ಟರಲ್ಲಿ ಮುಗಿದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆ ಗುರುವಾರ ಮಧ್ಯಾಹ್ನ ಬಾಗಿಲು ಬಡಿಯಿತು. ಎದುರಿಗೆ ಕೋಟು ಹಾಕಿದ, ಬೆನ್ನು ಬಾಗಿದ ಒಬ್ಬ ಮುದುಕರು. ಕೈಯಲ್ಲಿ ಚೀಲ. ನನ್ನ ಹೆಗಲ ಮೇಲಿಂದ ಒಳಗೆ ನೋಡಿ, "ಮುರಿದ ತಂತಿ ಅವರ ಮನೆ ಇದೇನಾ? ನಾನು... ಒಂಟಿ ಲಾಂದ್ರ" ಎಂದರು. ಅಷ್ಟು ವಯಸ್ಸಾದವರು ಹಾಗೆ ಹೇಳಿಕೊಳ್ಳಲು ನಾಚಿದ್ದು ಕಾಣುತ್ತಿತ್ತು. ಹಾಜರಿ ಪುಸ್ತಕದಲ್ಲಿ ವಿಳಾಸ ನೋಡಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಭೇಟಿ ಮಾಡಕೂಡದೆಂಬ ಆರನೇ ಕಲಮು ಬದುಕಿರುವವರಿಗೆ ಮಾತ್ರ ತಾನೆ!

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಹೆಂಡತಿ ಒಳಗಿನಿಂದ ಬಂದಳು. "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ."

"ಇವರು?"

"ಗಡಿಯಾರ ರಿಪೇರಿಯವರು" ಎಂದಳು. ಸುಳ್ಳೇನಲ್ಲ!

ಡಾಕ್ಟರು ಗೋಡೆಯತ್ತ ನೋಡಿದರು. ಅಂದು ಏಳೆಂಟು ಗಡಿಯಾರಗಳು ನಿಂತುಹೋಗಿದ್ದವು. "ಅವರು ಹೋದ ದುಃಖಕ್ಕೆ ಗಡಿಯಾರ ನಿಲ್ಲಿಸಿದೀರಾ, ಅಮ್ಮಾ?"

"ಇಲ್ಲ, ಇವರು ರಿಪೇರಿ ಮಾಡಿದ ಮೇಲೆ ಹಾಗಾಗಿವೆ."

ಡಾಕ್ಟರು ನನ್ನ ಕುರ್ಚಿಯನ್ನು ಬಹಳ ಹೊತ್ತು ನೋಡಿದರು. "ಇದು ಅವರದ್ದಾ? ಒಂದು ಸಲ ಇಲ್ಲಿ ಕೂತು ಆ ರೆಕಾರ್ಡು ಕೇಳಬಹುದಾ? ಅಷ್ಟಕ್ಕೇ ಬಂದೆ." ನಾನು ಪಕ್ಕದ ಸ್ಟೂಲಿಗೆ ಸರಿದೆ. ಆ ಸ್ಟೂಲಿಗೆ ಮೂರೇ ಕಾಲು. ಹೆಂಡತಿ ರೆಕಾರ್ಡು ಹಾಕಿದಳು.

ಮೊದಲ ಹಾಡು, ಎರಡನೇ ಹಾಡು. ಮೂರನೇ ಹಾಡು ಬಂತು. ಡಾಕ್ಟರು ಕಣ್ಣು ಮುಚ್ಚಿದ್ದರು. ಡ್ರಮ್ಮು ಶುರುವಾದದ್ದೇ ತಡ, ಅವರ ತುಟಿಯ ಮೇಲೆ ನಗುವಿನಂಥದ್ದು ಬಂದು ಹೋಯಿತು.

"ಸ್ವಚ್ಛವಾಗಿದೆ" ಎಂದರು ಮೆಲ್ಲಗೆ. "ಈಗಲೂ ಸ್ವಚ್ಛವಾಗೇ ಇದೆ."

"ಎಲ್ಲಿದೆ ಸ್ವಚ್ಛ?" ಎಂದೆ. ನಾನು ಎಂದೆನೋ, ನನ್ನ ಬಾಯಿ ಎಂದಿತೋ!

ಅವರು ಕಣ್ಣು ತೆರೆದರು. "ಏನಂದ್ರಿ?"

"ಎರಡನೇ ಪೆಟ್ಟು ಒಂದು ಕೂದಲೆಳೆ ತಡವಾಗಿ ಬೀಳುತ್ತೆ. ಕಿವಿಕೊಟ್ಟು ಕೇಳಿ. ಸ್ವಚ್ಛ ಅಂತೆ, ಸ್ವಚ್ಛ!"

"ನೋಡಿ ಇವರೇ, ನಿಮಗೆ ಗಡಿಯಾರ ಗೊತ್ತಿರಬಹುದು. ಇದು ದೊಡ್ಡ ವಿಷಯ. ಹನ್ನೊಂದು ವರ್ಷ ಇದರ ಮೇಲೆ ಮಹಾನುಭಾವರೊಬ್ಬರು ಬರೆದಿದಾರೆ."

"ಬರೆದಿದ್ದನ್ನ ನೀವು ಓದಿದ್ರೆ ತಾನೆ ಗೊತ್ತಾಗೋದು?"

"ಓದದೇ ಏನು? ಒಂದೊಂದನ್ನೂ ನಾಲ್ಕು ನಾಲ್ಕು ಸಲ ಓದಿದೀನ್ರಿ!" ಡಾಕ್ಟರ ದನಿ ಒಡೆಯಿತು. "ಅವರು ಹೇಳಿದ್ದು ಸರಿ ಅಂತ ಎರಡನೇ ವರ್ಷವೇ ನನಗೆ ಗೊತ್ತಾಗಿತ್ತು. ಒಪ್ಕೊಂಡಿದ್ರೆ ಮಾರನೇ ದಿನ ಅವರು ನನಗೆ ಬರೀತಿದ್ರಾ? ನಮ್ಮ ಮನೇಲಿ ಬೇರೆ ಯಾರಿದಾರೆ ಮಾತಾಡೋಕೆ? ಈಗ ನಾನು ಯಾರ ಹತ್ರ ಜಗಳ ಆಡ್ಲಿ?"

ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. "ಧೂಳು" ಎಂದರು.

ಈ ಜನ್ಮದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳು ಬಹಳ ಇಲ್ಲ. ಒಂದು, ಆಗ ಮಾಡಿದ್ದು. ತುಕ್ಕು ಗೇಟು ಪಟ್ಟಿಯಿಂದ ಹೋಗುತ್ತದೆ ಎಂದು ಗೊತ್ತಿತ್ತು, ಇನ್ನೆಂದೂ ಒಳಗೆ ಬರುವುದಿಲ್ಲ ಎಂದೂ ಗೊತ್ತಿತ್ತು. ಆದರೂ ಮೂರು ಕಾಲಿನ ಸ್ಟೂಲಿನಿಂದ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದೆ:

"ಡಾಕ್ಟ್ರೇ, ನಾನೇ ಮುರಿದ ತಂತಿ. ಬದುಕಿದೀನಿ."

ಇನ್ನೂ ನಡೆಯುತ್ತಿದ್ದ ಗಡಿಯಾರಗಳೂ ಉಸಿರು ಹಿಡಿದಂತಾಯಿತು. ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟಾಗಲಿಲ್ಲ. ಬಹಳ ಕರುಣೆಯಿಂದ ನೋಡಿದರು. ಆಮೇಲೆ ಹೆಂಡತಿಯತ್ತ ತಿರುಗಿ, "ಅಮ್ಮಾ, ಇವರು...?" ಎಂದು ತಲೆಯ ಪಕ್ಕ ಬೆರಳು ತಿರುಗಿಸಿದರು.

"ನೀವೇ ಏನಾದ್ರೂ ಕೇಳಿ ನೋಡಿ ಡಾಕ್ಟ್ರೇ" ಎಂದಳು ಅವಳು. "ಅವರೇ ಆಗಿದ್ರೆ ಹೇಳ್ತಾರೆ."

ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ನನ್ನ ಬಗ್ಗೆ ನನಗೇ ಪರೀಕ್ಷೆ! ಇದರಲ್ಲಿ ನಪಾಸಾಗುವವರುಂಟೇ?

"ಸರಿ" ಎಂದರು ಡಾಕ್ಟರು. "ಕೂಟಕ್ಕೆ ಬಂದ ಮೊದಲ ದಿನ ಅವರು ಬರೆದ ಮೊದಲ ಮಾತು ಯಾವುದು?"

ಯೋಚಿಸಿದೆ. ಮಹಾನುಭಾವನೊಬ್ಬ ಸಭೆಯನ್ನು ಪ್ರವೇಶಿಸುವಾಗ ಏನು ಹೇಳಿರಬಹುದೋ ಅದನ್ನೇ ಹೇಳಿರುತ್ತೇನೆ ತಾನೆ? ಗಂಟಲು ಸರಿಮಾಡಿಕೊಂಡು ಹೇಳಿದೆ: "'ಸಂಗೀತವೆಂಬುದು ಸೋತವರ ಸಾಮ್ರಾಜ್ಯ, ಅದರ ಹೆಬ್ಬಾಗಿಲೇ ತುಕ್ಕು ಗೇಟು.'"

ಡಾಕ್ಟರು ತಲೆ ಅಲ್ಲಾಡಿಸಿದರು. "ಅಲ್ಲ. ನೋಡಿ, ನಿಮಗೆ ಅವರ ಮೇಲೆ ಎಷ್ಟು ಅಭಿಮಾನ ಇದೆ ಅಂತ ಗೊತ್ತಾಗುತ್ತೆ. ಇಂಥಾ ಮಾತು ಅವರು ಕೊನೆಕೊನೆಗೆ ಬರೀತಿದ್ರು, ಅದೂ ಇದಕ್ಕಿಂತ ಚೆನ್ನಾಗಿ. ಮೊದಲನೇದು ಇದಲ್ಲ."

ಆಗ ಕಪ್ಪುಗಳನ್ನು ಟ್ರೇಯಲ್ಲಿಡುತ್ತ ನನ್ನ ಹೆಂಡತಿ, ತಿರುಗಿಯೂ ನೋಡದೆ, ಹೇಳಿದಳು:

"'ನಮಸ್ಕಾರ. ಇಲ್ಲಿ ಯಾರಾದರೂ ಇದ್ದೀರಾ?'"

ಡಾಕ್ಟರು ಅವಳತ್ತ ತಿರುಗಿದರು. ಅವಳು ಮುಂದುವರಿಸಿದಳು: "ಅದಕ್ಕೆ ನೀವು ಬರೆದಿದ್ರಿ: 'ನಾನೊಬ್ಬ ಇದ್ದೇನೆ. ಆದರೆ ನೀವು ಏನೇ ಹೇಳಿದರೂ ಒಪ್ಪುವುದಿಲ್ಲ.' ಅವತ್ತು ಅವರು ಮನೆಯೆಲ್ಲ ಓಡಾಡಿಕೊಂಡು ಅದನ್ನ ನನಗೆ ಐದು ಸಲ ಓದಿ ಹೇಳಿದ್ರು. ಅಷ್ಟು ಖುಷಿಯಾಗಿದ್ದನ್ನ ನಾನು ಬೇರೆ ದಿನ ನೋಡಲಿಲ್ಲ."

ಡಾಕ್ಟರು ಎದ್ದು ನಿಂತು ಅವಳಿಗೆ ಕೈಮುಗಿದರು. "ಅವರು ಎಲ್ಲೂ ಹೋಗಿಲ್ಲ ಅಮ್ಮಾ. ನಿಮ್ಮೊಳಗೇ ಇದಾರೆ." (ನಾನು ಸ್ಟೂಲಿನ ಮೇಲಿದ್ದೆ.) ಚೀಲದಿಂದ ಒಂದು ಪುಸ್ತಕ ತೆಗೆದರು. ಹಾಜರಿ ಪುಸ್ತಕ. "ನನಗೆ ಕಣ್ಣು ಮಂಜು. ಇದನ್ನ ಇನ್ನು ನೀವು ನೋಡ್ಕೊಳ್ಳಿ. ಅವರ ಹೆಸರಲ್ಲೇ ಬರೀರಿ. ಕೂಟದವರೆಲ್ಲ ಒಪ್ಪಿದಾರೆ."

ಹೋಗುವಾಗ ನನ್ನ ಬೆನ್ನು ತಟ್ಟಿ, "ನೀವೂ ಸೇರಿ. ಅವರ ಹಾಗೆ ಆಗೋಕಾಗಲ್ಲ. ಆದ್ರೂ ಕಿವಿ ಇದೆ ನಿಮಗೆ" ಎಂದರು.

ಬಾಗಿಲು ಹಾಕಿದ ಮೇಲೆ ನಾನು ಸಿಡಿದೆ. "ನಿಜ ಮಾತ್ರ ಹೇಳ್ತೀನಿ ಅಂದೋಳು ಈಗ ಎಲ್ಲಿ ಹೋಗಿದ್ಯೇ?"

"ನನ್ನ ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳಿದ್ದು ನಿಮ್ಮನ್ನ. ನೀವು ಯಾರು ಅಂತ ನಿಮಗೇ ನೆನಪಿಲ್ದಿದ್ರೆ ನಾನೇನ್ರೀ ಮಾಡ್ಲಿ?"

ನಾನು ಹೋಗಿ ಮತ್ತೆ ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತೆ.

ಮರುದಿನದಿಂದ ನನ್ನ ಕುರ್ಚಿಯಲ್ಲಿ ಅವಳು ಕೂರುತ್ತಾಳೆ. ಬೆಳಗ್ಗೆ ಏಳಕ್ಕೆ ಹಾಜರಿ ತೆಗೆಯುತ್ತಾಳೆ. ಮೊದಲ ದಿನವೇ ಅವಳು ಬರೆದ ಸಾಲು ಓದಿ ನಾನು ಚಹಾ ಕೆಳಗಿಟ್ಟೆ: "ತುಕ್ಕು ಗೇಟು ಪಟ್ಟಿಯಲ್ಲಿರಲಿ. ಆದರೆ ಮೂರನೇ ಹಾಡಿನ ಡ್ರಮ್ಮು ಸ್ವಲ್ಪ ಸ್ವಚ್ಛವಾಯಿತು ಎಂದು ನನಗೆ ಅಂದಿನಿಂದಲೂ ಅನ್ನಿಸುತ್ತಿದೆ."

ಐದು ನಿಮಿಷದೊಳಗೆ ಲಾಂದ್ರದ ಉತ್ತರ ಬಂತು, ಕಿಡಿ ಹಾರಿಸುತ್ತ: "ಸ್ವರ್ಗಸ್ಥರ ಸಾಹಿತ್ಯವನ್ನು ತಾವು ಸರಿಯಾಗಿ ಓದಿದಂತಿಲ್ಲ! ಎರಡನೇ ಪೆಟ್ಟು ತಡವಾಗಿ ಬೀಳುವುದನ್ನು ಗಮನಿಸಿ!" ಅಂದಿನಿಂದ ದಿನವೂ ಜಗಳ. ಡಾಕ್ಟರು ನನ್ನ ಪ್ರಬಂಧಗಳನ್ನೇ ಎತ್ತಿ ಎತ್ತಿ ಹೊಡೆಯುತ್ತಾರೆ, ಅವಳು ಒಂದೊಂದೇ ಬೆರಳಿನಿಂದ ಕೆಡವುತ್ತಾಳೆ. ಡಾಕ್ಟರು ಬೆಳಗ್ಗೆ ಐದಕ್ಕೇ ಏಳುತ್ತಾರಂತೆ ಈಗ. ಸಂತೋಷ. ಆದರೆ ಮೊನ್ನೆ ಅವರು ನನ್ನ ಇನ್ನೂರ ಹದಿನಾಲ್ಕನೇ ಪ್ರಬಂಧದ ವಾಕ್ಯವನ್ನು ತಪ್ಪಾಗಿ ಬರೆದರು. ಅದನ್ನು ತಿದ್ದುವವರು ಜಗತ್ತಿನಲ್ಲಿ ಯಾರೂ ಇಲ್ಲ.

ನಾನೂ ಸೇರಿದ್ದೇನೆ, ಹೊಸ ಸದಸ್ಯನಾಗಿ. ಹೆಸರು "ಒಂಟಿ ಪೆಂಡುಲಮ್." ಅರ್ಜಿ ಮಂಜೂರಾಗಿದೆ ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಆದರೆ ಹದಿನಾಲ್ಕನೇ ಕಲಮಿನ ಪ್ರಕಾರ ಹೊಸಬರು ನೂರು ದಿನ ಯಾವ ಅಭಿಪ್ರಾಯವನ್ನೂ ಬರೆಯುವಂತಿಲ್ಲ. ಹಾಡಿನ ಹೆಸರು ಬರೆದು ಹಾಜರಿ ಹಾಕಿ ಬಾಯಿ ಮುಚ್ಚಿಕೊಂಡಿರಬೇಕು. ಅದನ್ನು ಬರೆದವನು ಯಾರೆಂದು ಮತ್ತೆ ಹೇಳಬೇಕಿಲ್ಲ. ಮೂವತ್ತೊಂಬತ್ತು ದಿನ ಕಳೆದಿದೆ, ಅರವತ್ತೊಂದು ಉಳಿದಿದೆ. ಗೋಡೆಯ ಗಡಿಯಾರಗಳನ್ನೆಲ್ಲ ಸ್ವಲ್ಪ ಮುಂದಕ್ಕೆ ತಿರುಗಿಸಿ ನೋಡಿದೆ, ಪ್ರಯೋಜನವಿಲ್ಲ.

ಪರದೆಯಿಂದ ವೈರು ಬಿಚ್ಚಿ ಫೋನಿಗೆ ಮತ್ತೆ ಜೋಡಿಸಿದ್ದೇನೆ. ಪರದೆ ಈಗ ಜೋಲುತ್ತಿದೆ.

"ರೀ, ಪೆಂಡುಲಮ್!" ಈಗಷ್ಟೇ ಮೂಲೆಯಿಂದ ಕೂಗಿದಳು. "ಏಳಾಯ್ತು. ಹಾಜರಿ ಹಾಕಿದ್ರಾ? ತಪ್ಪಿದ್ರೆ ಗೊತ್ತಲ್ಲ?"

"ಹಾಕ್ದೆ ಕಣೇ, ಹಾಕ್ದೆ" ಎಂದೆ. ಎರಡನೇ ಸಲ ಸಾಯುವುದಕ್ಕೆ ನನ್ನ ಮಂಡಿ ಒಪ್ಪುವುದಿಲ್ಲ.